ಪಡಸಾಲೆಯ ಸಂದೂಕ

ಕನ್ನಡದಲ್ಲಿ ಪೆಟ್ಟಿಗೆಗೆ ಇರುವ ಹೆಸರುಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ನಾಡಿನ ಚಿಕ್ಕದೊಂದು ಚರಿತ್ರೆಯೇ ತೆರೆದುಕೊಳ್ಳುತ್ತದೆ. 'ಪೆಟ್ಟಿಗೆ' ಎಂಬ ಮಾತು ತಮಿಳಿನ 'ಪೆಟ್ಟಿ', ತೆಲುಗಿನ 'ಪೆಟ್ಟೆ'ಗಳ ಒಡಹುಟ್ಟು. 'ಮಂಜೂಷೆ' ಸಂಸ್ಕೃತದಿಂದ ಬಂದು ಕಾವ್ಯಗಳಲ್ಲಿ ನೆಲೆನಿಂತಿತು. ಅದೇ ಸಂಸ್ಕೃತದ 'ಕರಂಡಕ' ಕನ್ನಡದ ಬಾಯಲ್ಲಿ ಮೆದುವಾಗಿ 'ಕರಡಿಗೆ'ಯಾಯಿತು. ಇಷ್ಟಲಿಂಗವನ್ನಿರಿಸಿ ಎದೆಯ ಮೇಲೆ ಧರಿಸುವ ಸಂಪುಟಕ್ಕೆ ಇಂದಿಗೂ ಅದೇ ಹೆಸರು. ಅರಬ್ಬಿಯ 'ಸಂದೂಕ' ಹಿಂದುಸ್ತಾನಿಯ ದಾರಿಯಾಗಿ ಉತ್ತರ ಕರ್ನಾಟಕದ ಮನೆಗಳನ್ನು ಹೊಕ್ಕಿತು. ಇಂಗ್ಲಿಷರ ಕಾಲದಲ್ಲಿ ತಗಡಿನ 'ಟ್ರಂಕು' ಬಂದು ಅದರ ಪಕ್ಕದಲ್ಲಿ ಕುಳಿತಿತು. ಹೊಸದು ಬಂದಿತೆಂದು ಹಳೆಯ ಮಾತು ಮನೆ ಬಿಟ್ಟು ಹೋಗಲಿಲ್ಲ. ಒಂದೊಂದು ಹೆಸರು ಒಂದೊಂದು ಬಗೆಯ ಪೆಟ್ಟಿಗೆಗೆ ಅಂಟಿಕೊಂಡು ಉಳಿಯಿತು.

ಇವುಗಳಲ್ಲಿ ನಾನು ಈ ಹೊತ್ತು ಹೇಳಹೊರಟಿರುವುದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹಳೆಯ ಮನೆಗಳಲ್ಲಿ ನಾನು ಕಂಡಿರುವ ಕಟ್ಟಿಗೆಯ ಸಂದೂಕದ ವಿಚಾರ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲು ದಾರಿಯಲ್ಲಿ ಒಂದರ ಬೆನ್ನಿಗೊಂದು ಬರುವ ಈ ಮೂರು ಊರುಗಳು 1997ರವರೆಗೆ ಧಾರವಾಡ ಜಿಲ್ಲೆಯವು. ಈಗ ಹಾವೇರಿ ಜಿಲ್ಲೆಯವು. ಇಲ್ಲಿಯ ಅಂಕಣದ ಮನೆಗಳಲ್ಲಿ, ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ, ನಾಲ್ಕೈದು ಅಡಿ ಉದ್ದದ, ಮೊಳದಷ್ಟು ಎತ್ತರದ, ಕುಳ್ಳು ಕಾಲುಗಳ ಮೇಲೆ ನಿಂತ ದಪ್ಪ ಹಲಗೆಯ ಪೆಟ್ಟಿಗೆಯೊಂದು ಇರುತ್ತಿತ್ತು. ಅದು ಸಾಮಾನು ಇಡುವ ಪೆಟ್ಟಿಗೆಯೂ ಹೌದು, ಬಂದವರು ಕೂಡ್ರುವ ಆಸನವೂ ಹೌದು. ಮಧ್ಯಾಹ್ನದ ಹೊತ್ತು ಮನೆಯ ಹಿರಿಯರು ಅದರ ಮೇಲೆಯೇ ಒಂದು ಜಮಖಾನೆ ಹಾಸಿ ಅಡ್ಡಾಗುವುದೂ ಉಂಟು. ಇಂದು ಪಟ್ಟಣದ ಹೊಸ ಮನೆಗಳವರು ಒಳಗೆ ಸಾಮಾನಿಡುವ ಬೆಂಚು ಬೇಕೆಂದು ಅಂಗಡಿಯಿಂದ ಅಂಗಡಿಗೆ ಅಲೆಯುವಾಗ, ಅವರ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಅದು ಮೊದಲೇ ಇತ್ತೆಂಬುದು ಅನೇಕರಿಗೆ ನೆನಪಿಗೆ ಬರುವುದಿಲ್ಲ.

ಇಡುವುದನ್ನೂ ಕೂಡ್ರುವುದನ್ನೂ ಒಂದುಗೂಡಿಸುವ ಈ ಯುಕ್ತಿ ನಮ್ಮದೊಂದೇ ಅಲ್ಲ. ಹದಿನೈದು-ಹದಿನಾರನೆಯ ಶತಮಾನಗಳ ಇಟಲಿಯ ಫ್ಲಾರೆನ್ಸ್ ನಗರದ ಸಿರಿವಂತರ ಮನೆಗಳಲ್ಲಿ ಬೆನ್ನಾಸರೆಯುಳ್ಳ ಇಂಥದೇ ಪೆಟ್ಟಿಗೆಗಳಿದ್ದವು. ಅವಕ್ಕೆ 'ಕಸ್ಸಾಪಾಂಕಾ' ಎಂದು ಹೆಸರು. 'ಕಸ್ಸಾ' ಎಂದರೆ ಪೆಟ್ಟಿಗೆ, 'ಪಾಂಕಾ' ಎಂದರೆ ಬೆಂಚು. ನಮ್ಮ ಹಳಬರು ಬೆಂಚಿಗೆ 'ಬಾಂಕು' ಎನ್ನುತ್ತಿದ್ದರು. ಆ ಮಾತು ಪೋರ್ತುಗೀಜರ 'ಬಾಂಕೊ'ದಿಂದ ಕೊಂಕಣಿ-ಮರಾಠಿಗಳನ್ನು ಹಾದು ನಮಗೆ ಬಂದದ್ದು. ಇಟಲಿಯ 'ಪಾಂಕಾ'ಕ್ಕೆ ಅದು ದೂರದ ನಂಟು. ಹಣ ಇಡುವ 'ಬ್ಯಾಂಕು' ಕೂಡ ಇದೇ ಮನೆತನದ್ದು. ಇಟಲಿಯ ಸರಾಫರು ನಾಣ್ಯ ವಿನಿಮಯಕ್ಕೆ ಹಾಕಿಕೊಂಡು ಕುಳಿತ ಬಾಂಕೇ ಮುಂದೆ ಬ್ಯಾಂಕಾಯಿತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಳೆಯ ದಲಾಲಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು, ಮಗ್ಗುಲಲ್ಲೇ ಗಲ್ಲಾಪೆಟ್ಟಿಗೆ ಇಟ್ಟುಕೊಂಡ ವ್ಯಾಪಾರಸ್ಥರನ್ನು ಕಂಡವರಿಗೆ ಈ ವ್ಯುತ್ಪತ್ತಿಯನ್ನು ಬಿಡಿಸಿ ಹೇಳಬೇಕಾದ ಕಾರಣವಿಲ್ಲ.

ಮನೆಯ ಸಂದೂಕದಲ್ಲಿ ಇರುತ್ತಿದ್ದುದು ಹಣಕ್ಕಿಂತ ಹೆಚ್ಚಾಗಿ ಬಟ್ಟೆ. ಇಳಕಲ್ಲ ಸೀರೆ, ಕುಪ್ಪಸದ ಖಣ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ, ನವಲಗುಂದದ ಜಮಖಾನೆ, ಹಬ್ಬಕ್ಕೆ ಮಾತ್ರ ಹೊರಬರುವ ಹಿತ್ತಾಳೆಯ ಸಾಮಾನು, ಹೊಲದ ಕಾಗದಪತ್ರ. ಮೂಲೆಗಳಲ್ಲಿ ಒಣಗಿದ ಬೇವಿನ ಎಲೆ, ಬಜೆಯ ಬೇರು, ಹುಳು ಬಾರದಿರಲೆಂದು. ಅನೇಕ ಮನೆಗಳಲ್ಲಿ ಈ ಸಂದೂಕ ಸೊಸೆಯಾಗಿ ಬಂದವಳ ಸಂಗಡವೇ ತವರಿನಿಂದ ಬಂದದ್ದು. ಅದರ ಕೀಲಿಕೈ ಆಕೆಯ ಸೊಂಟದಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವತನಕ ಹೊಲಮನೆಗಳ ಮೇಲೆ ಹೆಣ್ಣಿಗೆ ಪೂರ್ಣ ಒಡೆತನವಿದ್ದದ್ದು ಅಪರೂಪ. ಅಂಥ ಕಾಲದಲ್ಲಿ ಹತ್ತು ಅಂಕಣದ ಮನೆಯೊಳಗೆ ತನ್ನದೆಂದು ಆಕೆ ಬೀಗ ಹಾಕಬಹುದಾಗಿದ್ದ ತಾವು ಈ ನಾಲ್ಕು ಅಡಿಯ ಪೆಟ್ಟಿಗೆಯೊಂದೇ ಆಗಿದ್ದೀತು. ಆದಕಾರಣ ಸಂದೂಕವನ್ನು ಬರಿಯ ಪೀಠೋಪಕರಣವೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಸಂದೂಕದ ಗುಣವಿರುವುದು ಅದರ ಕಟ್ಟುವಿಕೆಯಲ್ಲಿ. ಮಹಾಭಾರತದಲ್ಲಿ ಕುಂತಿ ತನ್ನ ಹಸುಗೂಸನ್ನು ಮಂಜೂಷೆಯಲ್ಲಿರಿಸಿ, ನೀರು ಹೋಗದಂತೆ ಮೇಣ ಮೆತ್ತಿ, ಅಶ್ವನದಿಯಲ್ಲಿ ತೇಲಿಬಿಡುತ್ತಾಳೆ. ಹೊಳೆಗೆ ಬಿಡುವ ಪೆಟ್ಟಿಗೆಗೆ ಮೇಣ ಬೇಕು. ಮನೆಯಲ್ಲಿಡುವ ಪೆಟ್ಟಿಗೆಗೆ ಸಂದು ಬೇಕು. ಮಳೆಗಾಲದಲ್ಲಿ ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ತೇವ ಕಳೆದುಕೊಂಡು ಕುಗ್ಗುತ್ತದೆ. ಕಡಿದು ಎಷ್ಟೇ ವರ್ಷವಾಗಿರಲಿ, ಎಷ್ಟೇ ಹದವಾಗಿರಲಿ, ಈ ಗುಣ ಅದನ್ನು ಬಿಡುವುದಿಲ್ಲ. ಆದರೆ ಎಲ್ಲ ದಿಕ್ಕಿಗೂ ಸಮವಾಗಿ ಹಿಗ್ಗುವುದಿಲ್ಲ. ಹಲಗೆಯ ಉದ್ದದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಅಗಲದಲ್ಲಿ ಮಾತ್ರ ಅದು ಗಣನೀಯ. 18 ಇಂಚು ಅಗಲದ ಸಾಗುವಾನಿ ಹಲಗೆಯೊಂದು ಏಪ್ರಿಲ್ ತಿಂಗಳ ಬಿಸಿಲಿಗೂ ಆಗಸ್ಟಿನ ಮಳೆಗೂ ನಡುವೆ ಮೂರು-ನಾಲ್ಕು ಮಿಲಿಮೀಟರಿನಷ್ಟು ಬದಲಾಗಬಹುದು. ಸಾಗುವಾನಿಯೇ ಮರಗಳಲ್ಲಿ ಸಮಾಧಾನಿ. ಉಳಿದವುಗಳ ಚಲನೆ ಅದಕ್ಕಿಂತ ಹೆಚ್ಚು. ಮೂರು-ನಾಲ್ಕು ಮಿಲಿಮೀಟರೆಂದರೆ ಅಲ್ಪವೆನಿಸೀತು. ಆದರೆ ಆ ಅಲ್ಪಕ್ಕೆ ಎಡೆಗೊಡದಿದ್ದರೆ ಎರಡು ಆಳಿನ ಭಾರವನ್ನು ಹೊರುವ ಹಲಗೆ ತಾನಾಗಿಯೇ ಸೀಳುತ್ತದೆ.

ಈ ಸತ್ಯವನ್ನು ನಮ್ಮ ಕಡೆಯ ಬಡಿಗೇರರು ಪುಸ್ತಕದಿಂದ ಕಲಿತವರಲ್ಲ. ಊರಿನ ಆಯಗಾರರಲ್ಲಿ ಒಬ್ಬರಾಗಿ, ರೈತರ ನೇಗಿಲು, ಕೂರಿಗೆ, ಕುಂಟೆಗಳನ್ನು ವರ್ಷವಿಡೀ ಸರಿಪಡಿಸಿಕೊಟ್ಟು ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ಪಾಲು ಪಡೆಯುತ್ತಿದ್ದ ಮನೆತನಗಳು ಅವು. ಬಿಸಿಲು-ಮಳೆ ಎರಡಕ್ಕೂ ಮೈಯೊಡ್ಡುವ ಒಕ್ಕಲುತನದ ಸಲಕರಣೆಗಳನ್ನು ಮಾಡಿ ಮಾಡಿ, ಮರ ಎಲ್ಲಿ ಮಣಿಯುತ್ತದೆ, ಎಲ್ಲಿ ಹಟ ಹಿಡಿಯುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಆ ಅರಿವನ್ನೇ ಅವರು ಸಂದೂಕಕ್ಕೂ ತಂದರು.

ಒಳ್ಳೆಯ ಸಂದೂಕದ ಪಕ್ಕಗಳನ್ನು ನೋಡಿ. ಅಲ್ಲಿ ನಾಲ್ಕು ಪಟ್ಟಿಗಳ ಒಂದು ಚೌಕಟ್ಟು. ಒಂದು ಪಟ್ಟಿಯ ತುದಿಯನ್ನು ನಾಲಗೆಯಂತೆ ಕಡೆದು, ಇನ್ನೊಂದರಲ್ಲಿ ಉಳಿಯಿಂದ ಕೊರೆದ ತೂತಿನೊಳಗೆ ಕೊಡತಿಯಿಂದ ಬಡಿದು ಕೂಡಿಸಿರುತ್ತಾರೆ. ಅದರ ಮೇಲೊಂದು ಬಿದಿರಿನ ಮೊಳೆ ಅಡ್ಡಲಾಗಿ ಹೊಕ್ಕಿರುತ್ತದೆ. ಈ ಚೌಕಟ್ಟಿನ ಒಳಮೈಯಲ್ಲಿ ಸುತ್ತಲೂ ಒಂದು ಕಿರುಗಾಲುವೆ. ನಡುವಿನ ಹಲಗೆಯ ಅಂಚು ಆ ಕಾಲುವೆಯೊಳಗೆ ಕುಳಿತಿರುತ್ತದೆ. ಆದರೆ ಅಲ್ಲಿ ಅಂಟಿಲ್ಲ, ಮೊಳೆಯಿಲ್ಲ. ಚೌಕಟ್ಟು ಬಿಗಿ, ಹಲಗೆ ಸಡಿಲು. ಹಲಗೆ ಮಳೆಗಾಲದಲ್ಲಿ ಕಾಲುವೆಯೊಳಗೇ ಹಿಗ್ಗುತ್ತದೆ, ಬೇಸಿಗೆಯಲ್ಲಿ ಅಲ್ಲೇ ಹಿಂಜರಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಪೆಟ್ಟಿಗೆಯ ಅಳತೆ ಬದಲಾದದ್ದೇ ತಿಳಿಯುವುದಿಲ್ಲ. ಮನೆಯ ಬಾಗಿಲುಗಳಲ್ಲೂ ಇದೇ ಉಪಾಯ. ಚೌಕಟ್ಟಿಲ್ಲದೆ ಅಗಲ ಹಲಗೆಗಳನ್ನೇ ಮೂಲೆಗೆ ಮೂಲೆ ಜೋಡಿಸುವುದಾದರೆ, ಬುಡ ಕಿರಿದು ತುದಿ ಅಗಲವಾದ ಹಲ್ಲುಗಳನ್ನು ಕೊಯ್ದು ಒಂದರೊಳಗೊಂದು ಕೂಡಿಸುತ್ತಾರೆ. ಆಗ ನಾಲ್ಕೂ ಹಲಗೆಗಳು ಒಂದೇ ದಿಕ್ಕಿಗೆ, ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ.

ಇದನ್ನು ಮರೆತರೆ ಆಗುವುದೇನೆಂಬುದನ್ನು ಬ್ಯಾಡಗಿಯ ಪರಿಚಿತರ ಮನೆಯೊಂದರಲ್ಲಿ ನಾನು ಕಣ್ಣಾರೆ ಕಂಡೆ. ಅಣ್ಣತಮ್ಮಂದಿರು ಬೇರೆಯಾಗುವ ಸಂದರ್ಭ. ಹೊಲ ಹಂಚಿಕೆಯಾಯಿತು, ಪಾತ್ರೆಪಡಗ ಹಂಚಿಕೆಯಾಯಿತು. ಪಡಸಾಲೆಯ ಸಂದೂಕ ಉಳಿಯಿತು. ಐದು ಅಡಿಯ ಸಾಗುವಾನಿ ಸಂದೂಕ. ಅದರ ಮುಚ್ಚಳ ಈ ತುದಿಯಿಂದ ಆ ತುದಿಗೆ ಬೆರಳು ಹೋಗುವಷ್ಟು ಸೀಳಿತ್ತು. ಒಡೆದ ಪೆಟ್ಟಿಗೆ ಇಬ್ಬರಿಗೂ ಬೇಡವಾಗಿತ್ತು. ಹಳೆಯ ಕಟ್ಟಿಗೆ ಕೊಳ್ಳುವವರಿಗೆ ಕೊಟ್ಟು ಬಂದ ಹಣವನ್ನು ಹಂಚಿಕೊಳ್ಳೋಣವೆಂದು ಮಾತಾಯಿತು. ಹಾಗೆ ಕೊಂಡವರು ಅದನ್ನು ಬಿಚ್ಚಿ ಕಿಟಕಿಯ ಚೌಕಟ್ಟಿಗೋ ಮತ್ತೊಂದಕ್ಕೋ ಕೊಯ್ಯುವುದು ವಾಡಿಕೆ. ಬೆಲೆ ಕಟ್ಟಲೆಂದು ರಾಣೆಬೆನ್ನೂರಿನಿಂದ ವಯಸ್ಸಾದ ಬಡಿಗೇರರೊಬ್ಬರನ್ನು ಕರೆಸಿದ್ದರು. ಅವರು ಸಂದೂಕದ ಸುತ್ತ ಒಂದು ಸಲ ಬಂದು, ಮುಚ್ಚಳ ಎತ್ತಿ, ಅದರ ಒಳಮೈಯನ್ನು ಅಂಗೈಯಿಂದ ಸವರಿ ನೋಡಿದರು. ಅಲ್ಲಿ ಎರಡು ಕಬ್ಬಿಣದ ಪಟ್ಟಿಗಳು ಹಲಗೆಗೆ ಅಡ್ಡಲಾಗಿ ತಿರುಪಿನಿಂದ ಬಿಗಿದು ಕುಳಿತಿದ್ದವು. ಎಂದೋ ಒಂದು ಸಣ್ಣ ಬಿರುಕು ಕಂಡು, ಅದು ಬೆಳೆಯದಿರಲೆಂದು ಯಾರೋ ಬಡಿಸಿದ ಪಟ್ಟಿಗಳು ಅವು.

"ಮರದ ತಪ್ಪಲ್ರಿ ಇದು," ಎಂದರು ಅವರು. "ಇದಕ್ಕ ಹಿಗ್ಗಾಕ ಜಾಗಾನ ಬಿಟ್ಟಿಲ್ಲ. ಎತ್ತಿನ್ನ ಬಿಗದ ಕಟ್ಟಿದ್ರ ಹಗ್ಗಾ ಹರಕೊಂತೈತಿ. ಇದು ತನ್ನ ಮೈನ ಹರಕೊಂಡೈತ್ರಿ."

ಅವರು ತಿರುಪುಗಳನ್ನು ಒಂದೊಂದಾಗಿ ಬಿಚ್ಚಿದರು. ಕಬ್ಬಿಣದ ಬದಲಿಗೆ ಕಟ್ಟಿಗೆಯ ಎರಡು ಅಡ್ಡಪಟ್ಟಿ ಮಾಡಿ, ತಿರುಪು ಹೋಗುವ ತೂತನ್ನು ದುಂಡಗೆ ಕೊರೆಯದೆ ಉದ್ದಕ್ಕೆ ಕೊರೆದರು. ಹಲಗೆ ಸರಿದಾಡಿದಾಗ ತಿರುಪೂ ಅದರ ಸಂಗಡ ಸರಿಯಲೆಂದು. ಬಿರುಕಿನೊಳಗೆ ಅದೇ ಜಾತಿಯ ಮರದ ತೆಳುವಾದ ಎಳೆಯೊಂದನ್ನು ಕೂಡಿಸಿದರು. ಎರಡು ದಿನದ ಕೆಲಸ. ಅಷ್ಟರಲ್ಲಿ ಸುದ್ದಿ ತಿಳಿದು ಹಾವೇರಿಗೆ ಕೊಟ್ಟಿದ್ದ ತಂಗಿ ಬಂದಳು. ಹೊಲದ ಪಾಲಿನ ಮಾತು ನಡೆದಾಗ ಬಾಯಿ ಬಿಡದಿದ್ದವಳು ಈಗ, "ಅಣ್ಣಾ, ಅವ್ವನ ಸಂದೂಕ ನನಗ ಬೇಕು," ಎಂದು ಒಂದೇ ಮಾತು ಹೇಳಿದಳು. ಕೀಲಿಕೈ ಮೊದಲಿನಿಂದಲೂ ಅವಳ ಹತ್ತಿರವೇ ಇತ್ತೆಂಬುದು ಆಗ ಅಣ್ಣಂದಿರಿಗೆ ಗೊತ್ತಾಯಿತು. ಮರು ವಾರ ನಾಲ್ಕು ಜನ ಹೊತ್ತು ಅದನ್ನು ಟೆಂಪೋಕ್ಕೆ ಹಾಕಿದರು. ಮುಂದಿನ ಮಳೆಗಾಲದಲ್ಲಿ ಹಾವೇರಿಯ ಅವಳ ಮನೆಗೆ ಹೋದಾಗ ನಾನು ಆ ಮುಚ್ಚಳದ ಮೇಲೆಯೇ ಕುಳಿತು ಚಹ ಕುಡಿದೆ. ಕೂಡಿಸಿದ ಎಳೆ ಎಲ್ಲಿದೆಯೆಂದು ಹುಡುಕಿ ನೋಡಬೇಕಾಯಿತು.

ಇನ್ನು ಮರದ ಮಾತು. ಈ ಜಿಲ್ಲೆಯ ಪಡುವಣ ಭಾಗವಾದ ಹಾನಗಲ್ಲು ಅರೆಮಲೆನಾಡು. ಮೂಡಣದ ರಾಣೆಬೆನ್ನೂರು ಬಯಲು. ಹಾನಗಲ್ಲಿನಾಚೆ ಮುಂಡಗೋಡ, ಯಲ್ಲಾಪುರ, ದಾಂಡೇಲಿಗಳ ಉತ್ತರ ಕನ್ನಡದ ಕಾಡು. ಸಾಗುವಾನಿ, ಮತ್ತಿ, ಹೊನ್ನೆ, ನಂದಿ, ಬೀಟೆಗಳು ಆ ಕಡೆಯವು. ಬಯಲಿನಲ್ಲಿ ಸಿಗುತ್ತಿದ್ದುದು ಜಾಲಿ, ಬೇವು, ಹುಣಸೆ. ಸಾಗುವಾನಿಯ ಚೇಗಿನಲ್ಲಿ ಸಹಜವಾಗಿಯೇ ಎಣ್ಣೆಯಂಥ ಸತ್ವವಿರುವುದರಿಂದ ಗೆದ್ದಲು ಅದರ ತಂಟೆಗೆ ಸುಲಭವಾಗಿ ಹೋಗುವುದಿಲ್ಲ. ಆದರೆ ಈ ರಕ್ಷೆ ಚೇಗಿಗೆ ಮಾತ್ರ. ಹೊರಮೈಯ ಬಿಳಿಯ ಭಾಗಕ್ಕಿಲ್ಲ. ಸಾಗುವಾನಿಯೆಂದು ಹೆಚ್ಚಿನ ಬೆಲೆ ಕೊಟ್ಟು ಬಿಳಿಯ ಭಾಗವನ್ನೇ ತಂದವರ ಪೆಟ್ಟಿಗೆಯ ಅಡಿಯಲ್ಲಿ ಎರಡು ವರ್ಷದೊಳಗೆ ಕುಟ್ಟೆ ಹುಳುವಿನ ಹಿಟ್ಟು ಬೀಳುತ್ತದೆ. ಬೀಟೆ ಎಲ್ಲಕ್ಕಿಂತ ಚೆಲುವಾದದ್ದು, ಎಲ್ಲಕ್ಕಿಂತ ಅಪರೂಪದ್ದು. ಮತ್ತಿ ಗಟ್ಟಿ, ಭಾರ. ಹದವಾಗುವ ಮೊದಲೇ ಕೈಹಾಕಿದರೆ ಸೀಳುತ್ತದೆ. ಬೇವು ಬಡವರ ಸಾಗುವಾನಿ. ಅದರ ಕಹಿಯೇ ಅದಕ್ಕೆ ಕಾವಲು.

ಈಗ ಬಡಿಗೇರರನ್ನು ಕೇಳಿದರೆ, ಕೈಗೆಲಸದ ಕೊರತೆಗಿಂತ ಮೊದಲು ಅವರು ಹೇಳುವುದು ಅಗಲ ಹಲಗೆಯ ಕೊರತೆಯನ್ನು. ಮೊಳದಗಲದ ಒಂದೇ ಹಲಗೆ ಕೊಡಬಲ್ಲ ಮರ ಬೆಳೆಯಲು ಎರಡು-ಮೂರು ತಲೆಮಾರು ಬೇಕು. ನಮ್ಮ ಕಡೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ನೆಟ್ಟು ಬೆಳೆಸಿದ್ದು ಹೆಚ್ಚಾಗಿ ನೀಲಗಿರಿ. 1974ರಲ್ಲಿ ಕೃಷ್ಣಮೃಗಗಳಿಗೆಂದು ಅಭಯಾರಣ್ಯವಾದ ರಾಣೆಬೆನ್ನೂರಿನ ಕಾವಲಿನಲ್ಲೂ ನೀಲಗಿರಿಯ ತೋಪುಗಳೆದ್ದವು. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ ನಾರಿನ ಕಾರ್ಖಾನೆ ನಡೆಯುತ್ತಿತ್ತು. ಅದಕ್ಕೆ ತಿರುಳು ಬೇಕಿತ್ತು. ತಿರುಳಿಗೆ ನೀಲಗಿರಿ ಒಪ್ಪುತ್ತದೆ; ಸಂದೂಕಕ್ಕೆ ಒಪ್ಪುವುದಿಲ್ಲ. ಬೇಗ ಬೆಳೆದ ಎಳೆಯ ನೀಲಗಿರಿಯೊಳಗೆ ಸೆಳೆತ ಹೆಚ್ಚು. ಗರಗಸಕ್ಕೆ ಸಿಕ್ಕೊಡನೆ ಹಲಗೆ ತಿರುಚಿಕೊಳ್ಳುತ್ತದೆ, ತುದಿಯಿಂದ ಸೀಳುತ್ತದೆ. ಹಳ್ಳಿಯವರ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದನ್ನು ವಿರೋಧಿಸಿ 1987ರ ನವೆಂಬರಿನಲ್ಲಿ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ನೀಲಗಿರಿಯ ಸಸಿ ಕಿತ್ತು, ಊರಿಗೆ ಉಪಯೋಗದ ಸಸಿ ಹಚ್ಚುವುದು ಅದರ ರೀತಿ. ಮೇವು, ಉರುವಲು, ಹಣ್ಣು ಎಂದು ಅಲ್ಲಿ ಲೆಕ್ಕ ಹಾಕಿದವರ ಮನಸ್ಸಿನಲ್ಲಿ ಸಂದೂಕ ಇದ್ದಿರಲಾರದು. ಆದರೆ ನೇಗಿಲಿಗೆ, ಬಾಗಿಲಿಗೆ, ತೊಟ್ಟಿಲಿಗೆ, ಸಂದೂಕಕ್ಕೆ ಊರಿನ ಆಸುಪಾಸಿನಲ್ಲೇ ಮರವಿರಬೇಕೆಂಬ ಬಡಿಗನ ಬೇಡಿಕೆಯೂ ಆ ಲೆಕ್ಕದಲ್ಲಿ ಸೇರತಕ್ಕದ್ದೇ.

ಆದ್ದರಿಂದ ಹಳೆಯ ಸಂದೂಕವಿದ್ದವರು ಅದನ್ನು ಮಾರುವ ಮುನ್ನ ಒಮ್ಮೆ ಯೋಚಿಸಬೇಕೆಂದು ನನ್ನ ಬಿನ್ನಹ. ಅದರಲ್ಲಿರುವಂಥ ಹಲಗೆಯನ್ನು ಇಂದು ಹಣ ಕೊಟ್ಟರೂ ಸುಲಭವಾಗಿ ತರಲಾಗದು. ಹೊಸದನ್ನೇ ಮಾಡಿಸುವವರಿಗೆ ಕೆಲವು ಮಾತು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, ಒಂದು ಇಂಚಿನ ಹಲಗೆ ಎಂದಿಟ್ಟುಕೊಂಡರೆ ಕಾಲು-ಪಟ್ಟಿಗಳೂ ಸೇರಿ ಸುಮಾರು 3 ಘನ ಅಡಿ ಮರ ಹಿಡಿಯುತ್ತದೆ. ಸಾಗುವಾನಿಯಾದರೆ ಅದರ ತೂಕ 55 ಕಿಲೋ ಆಸುಪಾಸು. ಮತ್ತಿಯಾದರೆ ಇನ್ನೂ ಹೆಚ್ಚು. ಕೊಯ್ಯುವಾಗ ಆಗುವ ನಷ್ಟಕ್ಕೆ ಬೇರೆ ಮರ ಬೇಕು. ಅಗಲ ಹಲಗೆ ಸಿಗದಿದ್ದರೆ ಎರಡು-ಮೂರು ಕಿರಿಯ ಹಲಗೆಗಳನ್ನು ಅಂಚಿಗಂಚು ಕೂಡಿಸುವುದರಲ್ಲಿ ಕುಂದೇನೂ ಇಲ್ಲ. ಚೌಕಟ್ಟಿನಲ್ಲಿ ಸಡಿಲಾಗಿ ಕೂಡ್ರಿಸಿದರೆ ಸಾಕು. ಕಾಲು ನೆಲದಿಂದ ನಾಲ್ಕು ಬೆರಳಾದರೂ ಎತ್ತರವಿರಲಿ. ಕಸ ಗುಡಿಸಲಿಕ್ಕೂ, ಗೆದ್ದಲು ಏರಿ ಬಂದದ್ದು ಕಾಣಲಿಕ್ಕೂ.

ಮುಚ್ಚಳದ ವಿಷಯವನ್ನು ಒತ್ತಿ ಹೇಳಬೇಕು. ಈ ಅಳತೆಯ ಮುಚ್ಚಳವೊಂದೇ 9 ಕಿಲೋ ತೂಗುತ್ತದೆ. ಬಿಜಾಗರಿಯ ಮೇಲೆ ಅದು ತಟ್ಟನೆ ಬಿದ್ದರೆ ಮಗುವಿನ ಬೆರಳು ಉಳಿಯದು. ಎತ್ತಿದ ಮುಚ್ಚಳವನ್ನು ಹಿಡಿದು ನಿಲ್ಲಿಸುವ ಒಂದು ಆಧಾರ ಇರಲೇಬೇಕು. ಮುಚ್ಚಾಲೆಯಾಡುವ ಮಕ್ಕಳು ಇಂಥ ಪೆಟ್ಟಿಗೆಯೊಳಗೆ ಅಡಗಿಕೊಳ್ಳುವುದುಂಟು. ಆದಕಾರಣ ಹಿಂಬದಿಯ ಹಲಗೆಯಲ್ಲಿ ಮೇಲ್ಗಡೆ ಬೆರಳುಗಾತ್ರದ ನಾಲ್ಕಾರು ತೂತು ಕೊರೆಯಿಸಿ. ತಾನಾಗಿ ಬೀಳುವ ಚಿಲಕ ಮಾತ್ರ ಬೇಡ. ಗಾಳಿಯಾಡಿದರೆ ಒಳಗಿನ ಕೌದಿಗೂ ಮುಗ್ಗಲು ವಾಸನೆ ಹಿಡಿಯುವುದಿಲ್ಲ.

ಮೇಲ್ಮೈಗೆ ನಮ್ಮ ಹೊಲದ ಅಗಸೆಯೇ ಸಾಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹಿಡಿದು ತಾನೇ ಗಟ್ಟಿಯಾಗಿ ಮರದ ಮೇಲೆ ತೆಳುವಾದ ಪೊರೆಯಾಗುತ್ತದೆ. ಶೇಂಗಾ ಎಣ್ಣೆಗೆ ಆ ಗುಣವಿಲ್ಲ. ಅದು ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಅರಿವೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಗಟ್ಟಿಯಾಗುವಾಗ ಹುಟ್ಟುವ ಕಾವಿನಿಂದ ಅದು ತಾನಾಗಿ ಹೊತ್ತಿಕೊಳ್ಳುವ ಸಂಭವವಿದೆ. ಬಿಡಿಸಿ ಬಿಸಿಲಿಗೆ ಹರವಬೇಕು. ಬಣ್ಣ ಬೇಕೆನ್ನುವವರು ಕಲಘಟಗಿಯ ತೊಟ್ಟಿಲುಗಳನ್ನು ನೋಡಿ ಬರಬಹುದು. ಸಾಗುವಾನಿಯ ಮೇಲೆ ಅರಗಿನ ಬಣ್ಣ ಕೂಡ್ರಿಸಿ ಚಿತ್ರ ಬರೆಯುವ ಕೈಗಳು ಅಲ್ಲಿವೆ.

ಕೊನೆಯದಾಗಿ ಒಂದು ಸೂಚನೆ. ನಾನು ಕಂಡ ಹಳೆಯ ಸಂದೂಕಗಳಲ್ಲಿ ಕೊಂಡವರ ಹೆಸರು ಕೆತ್ತಿದವು ಕೆಲವಿವೆ. ಮಾಡಿದವರ ಹೆಸರು ಕೆತ್ತಿದ್ದು ಒಂದೂ ಇಲ್ಲ. ನೀವು ಹೊಸದನ್ನು ಮಾಡಿಸಿದರೆ ಮುಚ್ಚಳದ ಒಳಮೈಯಲ್ಲಿ, ಕೂಡ್ರುವವರಿಗೆ ಕಾಣದ ಕಡೆ, ಬಡಿಗೇರರ ಹೆಸರನ್ನೂ ಊರನ್ನೂ ಮರದ ಜಾತಿಯನ್ನೂ ವರ್ಷವನ್ನೂ ಅವರ ಕೈಯಿಂದಲೇ ಕೊರೆಯಿಸಿರಿ. ಅರವತ್ತೋ ಎಪ್ಪತ್ತೋ ವರ್ಷ ಕಳೆದು ಅದರ ಒಂದು ಹಲಗೆ ಸೀಳಿದಾಗ, ದುರಸ್ತಿಗೆ ಬಂದ ಬಡಿಗನಿಗೆ ಯಾವ ಮರದ ಎಳೆಯನ್ನು ಹುಡುಕಬೇಕೆಂಬುದು ಅದರಿಂದ ತಿಳಿಯುತ್ತದೆ.